ಆ ಹನ್ನೊಂದು ಫಾರ್ಮು ನನ್ನವು, ಸರ್

ಡಿಗ್ರಿಯಲ್ಲಿ ಸಮಾಜಶಾಸ್ತ್ರ ಕಲಿಸಿದ ನನ್ನ ಗುರುಗಳೇ,

ಎಂ.ಎ. ಯಾವಾಗ ಸೇರಲಿ ಎಂದು ನಿಮ್ಮನ್ನು ಕೇಳಿದ್ದಕ್ಕೆ ನನಗೆ ತಗುಲಿದ್ದು ಇಷ್ಟು: ಒಂಬತ್ತು ವರ್ಷ, ಮಸ್ಕಿಯಿಂದ ನಿಮ್ಮ ಲಿಂಗಸುಗೂರಿಗೆ ಲೆಕ್ಕ ತಪ್ಪುವಷ್ಟು ಬಸ್ಸು, ತುಂಬಿ ಹರಿದುಹಾಕಿದ ಮೂರು ಅರ್ಜಿ, ನಿಮ್ಮ ಮೇಲಿದ್ದ ಗೌರವ. ಕೊನೆಯದೇ ಎಲ್ಲಕ್ಕಿಂತ ಮೊದಲು ಖರ್ಚಾಗಿದ್ದು. ನಿಮಗೆ ಗೊತ್ತಾಗದಂತೆ ನೋಡಿಕೊಂಡೆ, ಅಷ್ಟೇ.

ಡಿಗ್ರಿ ಪಾಸಾದ ದಿನ ಪೇಡೆ ಹಿಡಿದು ನಿಮ್ಮ ಮನೆಗೆ ಬಂದಿದ್ದೆ. ಬಾಯಲ್ಲಿ ಪೇಡೆ ಇರುವಾಗಲೇ ಹೇಳಿದಿರಿ: “ಈ ವರ್ಷ ಬ್ಯಾಡ ತಂಗಿ, ಸಿಲಬಸ್ ಬದಲಾಗಾಕತ್ತೈತಿ.” ಮರುವರ್ಷ, ಒಳ್ಳೆಯ ಮಾಸ್ತರರಿಲ್ಲ ಎಂದಿರಿ. ಅದರ ಮರುವರ್ಷ ಒಳಗಿನದು ಹೊರಬಂತು: “ಮೊದ್ಲ ನನ್ನ ಪಿಎಚ್.ಡಿ. ಮುಗೀಲಿ. ಆಮ್ಯಾಲ ನಾನ ಕರ್ಕೊಂಡು ಹೋಗಿ ಅಡ್ಮಿಷನ್ ಮಾಡಿಸ್ತೀನಿ.” ಪ್ರಬಂಧ ಟೈಪ್ ಮಾಡುವವಳೇ ಓದಲು ಹೋಗಿಬಿಟ್ಟರೆ ನಿಮ್ಮ ಗತಿ...

ಬಳಗಾನೂರಿನ ಗದ್ದೆ ನೆನಪಿದೆಯೇ? ನಿಮಗೆಲ್ಲಿಯ ನೆನಪು, ನೀವು ಬದುವಿನಿಂದ ಕೆಳಗಿಳಿದವರೇ ಅಲ್ಲ. ನಾಟಿ ಹಚ್ಚುವ ಹೆಣ್ಣುಮಕ್ಕಳನ್ನು ಕೇಳಿ ಕೇಳಿ ನಿಮ್ಮ ಪಿಎಚ್.ಡಿ. ಸಮೀಕ್ಷೆಯ ಫಾರ್ಮು ತುಂಬಿದವಳು ನಾನು. ‘ಮುಂದಿನ ಆಸೆ ಏನು?’ ಎಂಬ ನಿಮ್ಮ ಪ್ರಶ್ನೆಗೆ ಮುದುಕಿ ಈರಮ್ಮ ಸೊಂಟ ನೆಟ್ಟಗೆ ಮಾಡಿಕೊಂಡು, “ಕುಂದ್ರೋದು. ಬರ್ಕೋ ಯವ್ವಾ” ಎಂದಳು. “ನಿಂದೇನೈತಿ?”

“ಎಂ.ಎ. ಓದಬೇಕಂತ ಐತಿ.”

“ಮತ್ತ ಇಲ್ಲ್ಯಾಕ ಕೆಸರು ತುಳ್ಯಾಕತ್ತೀದಿ? ಹೋಗಬೇ!”

ನೋಡಿ, ಸಹಿ ಹಾಕಲು ಬಾರದವಳು ಎರಡೇ ಮಾತಿನಲ್ಲಿ ಮುಗಿಸಿದಳು.

ನಿಮಗೆ ಡಾಕ್ಟರೇಟ್ ಬಂದ ಸಂಜೆ ಮತ್ತೆ ಅರ್ಜಿ ಹಿಡಿದು ನಿಂತೆ. ಸನ್ಮಾನದ ಶಾಲು ಮಡಚುತ್ತಾ, “ಈಗ ವಯಸ್ಸು ಮೀರೇತಲ್ಲ ತಂಗಿ?” ಎಂದಿರಿ. ಮೀರಿಸಿದವರು ಯಾರು, ಸರ್? ಊರಿಗೆ ಬಂದು ಮಸ್ಕಿಯಲ್ಲಿ ಟೈಪಿಂಗ್, ಫ್ಲೆಕ್ಸ್ ಅಂಗಡಿ ಹಾಕಿದೆ.

ಹೋದ ವರ್ಷ ನಿಮ್ಮ ಶ್ರದ್ಧಾಂಜಲಿ ಫ್ಲೆಕ್ಸ್ ಮಾಡಿಸಲು ನಿಮ್ಮ ಮನೆಯವರು ನನ್ನ ಅಂಗಡಿಗೇ ಬಂದರು. “ಡಾಕ್ಟರ್ ಅನ್ನೋದು ದೊಡ್ಡದು ಹಾಕವಾ. ಅದಕ್ಕ ಭಾಳ ಕಷ್ಟ ಪಟ್ಟಾರ.” ‘ಡಾ.’ ದೊಡ್ಡದು ಮಾಡುತ್ತಾ ಹೋದೆ. ನಿಮ್ಮ ಹೆಸರಿಗೇ ಜಾಗ ಸಾಲದಾಯಿತು. ಅವರು ಹೋದ ಮೇಲೆ ಅದೇ ಕಂಪ್ಯೂಟರಿನಲ್ಲಿ ನನ್ನ ಅರ್ಜಿ ತುಂಬಿದೆ. ಯಾರ ಸಲಹೆಯನ್ನೂ ಕೇಳಲಿಲ್ಲ.

ಈಗ ಸುದ್ದಿ. ಸಿಂಧನೂರಿನಲ್ಲಿ ಎಂ.ಎ. ಓದುತ್ತಿದ್ದೇನೆ, ಬೆಳಿಗ್ಗೆ ತರಗತಿ, ಮಧ್ಯಾಹ್ನದ ಮೇಲೆ ಅಂಗಡಿ. ನಮಗೆ ಗೊತ್ತುಮಾಡಿದ ಪುಸ್ತಕಗಳಲ್ಲಿ ನಿಮ್ಮ ಪ್ರಬಂಧವೂ ಇದೆ. ‘ಕೂಲಿ ಮಹಿಳೆಯರಲ್ಲಿ ಉನ್ನತ ಶಿಕ್ಷಣದ ಹಂಬಲ ಗಮನಾರ್ಹವಾಗಿದೆ’ ಎಂಬ ನಿಮ್ಮ ಸಾಲನ್ನು ಮೇಡಂ ಮೆಚ್ಚಿ ಬೋರ್ಡಿನ ಮೇಲೆ ಬರೆದರು. ಟೈಪ್ ಮಾಡುವಾಗ ಅದಕ್ಕೆ ನಕ್ಕಿದ್ದೆ. ತರಗತಿಯಲ್ಲಿ ನಗಲಾಗಲಿಲ್ಲ. ಬಳಗಾನೂರಿನ ಬಸ್ಸು ತಪ್ಪಿದ ಒಂದು ದಿನ, ಹನ್ನೊಂದು ಫಾರ್ಮುಗಳನ್ನು ಬಸ್ ನಿಲ್ದಾಣದಲ್ಲಿ ಕೂತು ನಾನೇ ತುಂಬಿದ್ದೆ, ಸರ್. ಆಸೆಯ ಕಾಲಂನಲ್ಲಿ ಹನ್ನೊಂದರಲ್ಲೂ ಬರೆದದ್ದು ನನ್ನದೇ. ತಪ್ಪು, ಒಪ್ಪುತ್ತೇನೆ. ಆದರೆ ಕಾಗದದ ಮೇಲೆ ಅದು ನಿಮಗೆ ಗಮನಾರ್ಹವಾಗಿ ಕಂಡಿತು. ಪೇಡೆ ಹಿಡಿದು ಎದುರಿಗೆ ನಿಂತಾಗ?

ಒಟ್ಟಿನಲ್ಲಿ ನಿಮಗೆ ‘ಡಾ.’ ಸಿಕ್ಕಿತು. ನಿಮ್ಮ ಮನೆಯವರಿಗೆ ಫ್ಲೆಕ್ಸ್. ಫಾರ್ಮಿಗೆ ಉತ್ತರ ಹೇಳಿದ್ದಕ್ಕೆ ಈರಮ್ಮನಿಗೆ ಒಂದು ಕಪ್ ಚಹಾ. ನನಗೆ, ಪುಸ್ತಕ ತೆರೆಯದೆಯೂ ಪಾಸಾಗುವ ಒಂದು ಪೇಪರು.