ನೀಲಿಯ ಬೆನ್ನುನೋವು

ಔಡೆನಾರ್ಡೆ ಬಳಿಯ ನಮ್ಮ ಮನೆ
ಜೂನ್ ೧೪, ಭಾನುವಾರ

ಸಪ್ತಸಾಗರಗಳ ತಳದ ಕೆಸರಿಗೆ ಏಕಚ್ಛತ್ರಾಧಿಪತಿಯೂ, ಹೂಳೆತ್ತುವ ಹಡಗಿನ ಎಂಜಿನ್ ಕೋಣೆಯ ಸಾರ್ವಭೌಮನೂ, ಕೆಂಪು ದಾರದ ಹೊಲಿಗೆಯುಳ್ಳ ಸ್ಪೋರ್ಟ್ ಕಾರಿನ ಪ್ರಥಮ ಒಡೆಯನೂ, ಗೊರಕೆಯಲ್ಲಿ ಎದುರಾಳಿಯಿಲ್ಲದ ಮಲ್ಲನೂ ಆದ ತೀರ್ಥರೂಪರ ದಿವ್ಯ ಸನ್ನಿಧಿಗೆ, ಸದರಿ ಕಾರಿನ ತಾತ್ಕಾಲಿಕ ಪಾಲಕನಾದ ವಾನ್ನೆಸ್ ಮೊಣಕಾಲೂರಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಅಪ್ಪಾ, ಹೇಗಿದ್ದೀಯ? ಕಿವಿನೋವು ಇಳಿಯಿತೆ? ಹಡಗಿನ ಅಡುಗೆಯವನು ಆಲೂಗೆಡ್ಡೆಯನ್ನು ಇನ್ನೂ ಗಂಜಿಯಾಗುವವರೆಗೆ ಬೇಯಿಸುತ್ತಾನೆಯೆ? ಇಲ್ಲಿ ನಾವೆಲ್ಲ ಕ್ಷೇಮ. ಅಮ್ಮ ಮೊನ್ನೆ ಅನ್ನದ ಪಾಯಸ ಮಾಡಿ, ನಿನ್ನ ಪಾಲು ಎಂದು ಒಂದು ಬಟ್ಟಲು ತೆಗೆದಿಟ್ಟಿದ್ದಳು. ನಿನ್ನ ಪರವಾಗಿ ಅದನ್ನು ಸ್ವೀಕರಿಸಿ ವಂದನೆ ಸಲ್ಲಿಸಿದ್ದೇನೆ.

ಈಗ ರಾಜಕಾರ್ಯ. ಕಣ್ಣು ಮಂಜಾಗಿ ಅಜ್ಜ ಕಾರು ಬಿಡುವುದನ್ನು ನಿಲ್ಲಿಸಿ, ಅವನ ಹಳೆಯ ಮೆತ್ತನೆಯ ವ್ಯಾನು ಗುಜರಿ ಸೇರಿದ್ದು ನಿನಗೆ ಗೊತ್ತೇ ಇದೆ. ಅಂದಿನಿಂದ ಪ್ರತಿ ಶುಕ್ರವಾರ ಸಂಜೆ ಅವನ ಪಂದ್ಯದ ಪಾರಿವಾಳಗಳನ್ನು ಕ್ಲಬ್ಬಿಗೆ ಮುಟ್ಟಿಸುವ ಕೆಲಸ ನನ್ನದು, ನಿನ್ನ ಕಾರಿನದು. ಅಲ್ಲಿಂದ ಲಾರಿ ಅವನ್ನು ಫ್ರಾನ್ಸಿಗೆ ಒಯ್ಯುತ್ತದೆ. ಅವು ಹಾರಿ ಮನೆಗೆ ಬರುತ್ತವೆ. ನಮಗೂ ಕ್ಲಬ್ಬಿಗೂ ನಡುವೆ ಆ ಕಲ್ಲುಹಾಸಿನ ಏರು. ನಿನ್ನ ಕಾರಿನ ಸ್ವಭಾವ ನಿನಗೆ ಹೇಳಬೇಕೆ? ರಸ್ತೆಯಲ್ಲಿ ಬಿದ್ದ ನಾಣ್ಯದ ಮೇಲೆ ಹಾಯ್ದರೆ, ರಾಜನ ಮುಖ ಮೇಲಿತ್ತೋ ಕೆಳಗಿತ್ತೋ ಎಂದು ಬೆನ್ನುಮೂಳೆಯೇ ಹೇಳಿಬಿಡುತ್ತದೆ.

ಪಾರಿವಾಳಗಳು ಕ್ಲಬ್ಬು ತಲುಪುವ ಹೊತ್ತಿಗೇ ಸುಸ್ತಾಗಿರುತ್ತವೆ ಎಂದು ಅಜ್ಜ ಗೊಣಗತೊಡಗಿದ. ಅವನ ಮುದ್ದಿನ ಹೆಣ್ಣುಹಕ್ಕಿ ನೀಲಿಯಂತೂ ಪಂದ್ಯದಿಂದ ಯಾವಾಗಲೂ ತಡವಾಗಿ ಬರುತ್ತಿದ್ದಳು. ಒಂದು ದಿನ ಊಟದ ಮೇಜಿನಲ್ಲಿ, ಯಾರ ಮುಖವನ್ನೂ ನೋಡದೆ ಹೇಳಿದ: “ಶರತ್ಕಾಲದ ಹರಾಜಿಗೆ ಹೆಸರು ಕೊಟ್ಟು ಬಂದೆ. ಎಲ್ಲಾನೂ ಮಾರಿಬಿಡ್ತೀನಿ. ಆ ಗಾಡೀಲಿ ಅವಕ್ಕೆ ಸುಖ ಇಲ್ಲ.” ಅಮ್ಮ ಚಮಚ ಕೆಳಗಿಟ್ಟಳು. ಅಜ್ಜಿ ಹೋದ ಮೇಲೆ ಅವನು ಬೆಳಗ್ಗೆ ಎದ್ದು ಮೊದಲು ಮಾತಾಡಿಸುವುದು ಆ ಗೂಡನ್ನೇ. ಗೂಡು ಖಾಲಿಯಾದರೆ ಅವನು ಯಾತಕ್ಕೆ ಎದ್ದಾನು?

ನಾನು ಮೊದಲು ಟೈರಿನ ಗಾಳಿ ನೋಡಿದೆ. ಕಾರಿನ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಬರೆದದ್ದಕ್ಕಿಂತ ಜಾಸ್ತಿಯೇ ತುಂಬಿತ್ತು. ಇಳಿಸಿದೆ. ಗುದ್ದುವವನು ಗುದ್ದುವ ಮೊದಲು ‘ಕ್ಷಮಿಸಿ’ ಅಂದಷ್ಟು ವ್ಯತ್ಯಾಸವಾಯಿತು.

ಆ ಶುಕ್ರವಾರ ಏರು ಹತ್ತುವಾಗ ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದೆ. ಬುಟ್ಟಿಯೊಳಗೆ ಪಾರಿವಾಳಗಳು ಕಾಲು ಮಡಿಸಿ, ತಲೆ ಅಲುಗಿಸದೆ, ಇಗರ್ಜಿಯಲ್ಲಿ ಕೂತ ಮುತ್ತೈದೆಯರ ಹಾಗೆ ಕೂತಿದ್ದವು. ಬುಟ್ಟಿಯ ಪಕ್ಕದಲ್ಲಿ ಅಜ್ಜ, ಎರಡೂ ಕೈಯಲ್ಲಿ ಮೇಲಿನ ಹಿಡಿಕೆಗೆ ಜೋತುಬಿದ್ದು, ಕಣ್ಣು ಮುಚ್ಚಿ, ತುಟಿ ಕಚ್ಚಿದ್ದ. ನೋವು ಯಾರ ಬೆನ್ನಿನದು ಎಂದು ಆಗ ತಿಳಿಯಿತು. ಅಜ್ಜನ ಬಾಯಿಂದ ಆ ಮಾತು ಈ ಜನ್ಮದಲ್ಲಿ ಬರುವುದಿಲ್ಲ. ಆದ್ದರಿಂದ ಮನೆಯವರೆಲ್ಲ ಪಾರಿವಾಳಗಳ ಬೆನ್ನು ಎಂದೇ ಮಾತಾಡುವುದೆಂದು ನಾನೂ ಅಮ್ಮನೂ ಗುಟ್ಟಾಗಿ ಠರಾವು ಮಾಡಿದೆವು.

ಬಳಿಕ ಕಾರನ್ನು ಕ್ರಿಸ್ತಾಳ ಗ್ಯಾರೇಜಿಗೆ ಒಯ್ದೆ. ಅವಳು ಟೈರಿನ ಪಕ್ಕಕ್ಕೆ ಎರಡು ಬೆರಳಿಟ್ಟು ಅಳೆದು, “ಇದು ಟೈರಲ್ಲ ಕಣೋ, ಚಕ್ರಕ್ಕೆ ಬಳಿದ ಕಪ್ಪು ಬಣ್ಣ” ಅಂದಳು. ಸಣ್ಣ ಚಕ್ರ, ದಪ್ಪ ಟೈರು ಹಾಕೋಣ, ಒಟ್ಟು ಎತ್ತರ ಅಷ್ಟೇ ಇದ್ದರೆ ವೇಗದ ಮುಳ್ಳು ಸುಳ್ಳು ಹೇಳುವುದಿಲ್ಲ, ಕಾರಿನ ಕಾಗದದಲ್ಲೇ ಆ ಅಳತೆಗೆ ಒಪ್ಪಿಗೆಯಿದೆ, ಇಷ್ಟರಲ್ಲಿ ಆಗದಿದ್ದರೆ ಮಾತ್ರ ಸ್ಪ್ರಿಂಗಿಗೆ ಕೈಹಾಕೋಣ ಎಂದಳು. ಜೊತೆಗೆ ಬಂದಿದ್ದ ಅಜ್ಜನ ಕಡೆ ತಿರುಗಿ, “ಏನಜ್ಜಾ, ನೀಲಿ ಬೆನ್ನು ಹೇಗಿದೆ?” ಎಂದು ಕೇಳಿದಳು. ಠರಾವು ಅವಳವರೆಗೂ ಹೇಗೆ ತಲುಪಿತೋ ನಾನರಿಯೆ.

“ಬೆಳಗ್ಗೆ ಏಳೋದೇ ಕಷ್ಟ” ಅಂದ ಅಜ್ಜ, ಗಂಭೀರವಾಗಿ. “ಬಗ್ಗಿ ಕಾಲುಚೀಲ ಹಾಕ್ಕೊಳ್ಳಕ್ಕಾಗಲ್ಲ ಅವಳಿಗೆ.”

ಸಾದಾ ಮಾದರಿಯ ಚಕ್ರಗಳು ಬಂದವು. ನಿಜ ಹೇಳಬೇಕೆಂದರೆ ಕಾರು ಈಗ ಅಜ್ಜಿಯ ಚಪ್ಪಲಿ ಮೆಟ್ಟಿದ ಓಟಗಾರನ ಹಾಗಿದೆ; ನೋಡಿ ಎದೆಗುಂದಬೇಡ. ಆದರೆ ಮುಂದಿನ ಶುಕ್ರವಾರ ಅದೇ ಏರಿನಲ್ಲಿ ಅಜ್ಜ ಮೊದಲು ಒಂದು ಕೈ ಬಿಟ್ಟ. ಸ್ವಲ್ಪ ದೂರ ಹೋದ ಮೇಲೆ ಇನ್ನೊಂದು. ಆಮೇಲೆ ತನ್ನ ಹರೆಯದ ಯಾವುದೋ ಪಂದ್ಯದ ಕಥೆ ತೆಗೆದ. ಹಲ್ಲು ಕಟಕಟಿಸದೆ ಪೂರ್ತಿ ಹೇಳಿ ಮುಗಿಸಿದ. ಕ್ಲಬ್ಬಿನಲ್ಲಿ ಬುಟ್ಟಿ ಇಳಿಸಿ, ಬಿಯರಿಗೆ ಹೇಳಿ, ಕಾರ್ಯದರ್ಶಿಯ ಹತ್ತಿರ ಹೋಗಿ, “ಹರಾಜಿಂದ ನನ್ನ ಹೆಸರು ತೆಗೆದುಬಿಡಪ್ಪ. ನೀಲಿ ಹುಷಾರಾದಳು” ಅಂದ.

ನೀಲಿ ಗೆದ್ದಳೇ ಎಂದು ಕೇಳುತ್ತೀಯ. ಇಲ್ಲ. ದಾರಿಯಲ್ಲಿ ಯಾರದೋ ಬಟಾಣಿ ಹೊಲದಲ್ಲಿ ಊಟಕ್ಕೆ ಇಳಿದಳೆಂದು ಕಾಣುತ್ತದೆ, ಎಲ್ಲರೂ ಬಂದ ಮೇಲೆ ಬಂದಳು. ಅಜ್ಜ ಗೂಡಿನ ಮೆಟ್ಟಿಲ ಮೇಲೆ ಕೂತು ಅವಳಿಗೆ ಅರ್ಧ ಗಂಟೆ ಬೈದ. ಬಗ್ಗಿ, ತಾನೇ ಅವಳನ್ನು ಎತ್ತಿಕೊಂಡ.

ಇನ್ನೊಂದು. ಕಾರಿನ ಹಿಂದೆ ‘ಸ್ಪೋರ್ಟ್’ ಎಂದಿದ್ದ ಲೋಹದ ಫಲಕ ಇನ್ನು ಅಲ್ಲಿರುವುದು ಸತ್ಯಕ್ಕೆ ಅಪಚಾರವೆಂದು ಬಗೆದು, ಅದನ್ನು ಕಿತ್ತು ಅಜ್ಜನ ಬುಟ್ಟಿಗೆ ಅಂಟಿಸಿದೆ. ಕ್ಲಬ್ಬಿನ ಮುದುಕರೆಲ್ಲ ತಮಗೂ ಒಂದು ಬೇಕೆನ್ನುತ್ತಿದ್ದಾರೆ. ಊರಿನ ಕಾರುಗಳಿಗೆ ಗಂಡಾಂತರ ಕಾದಿದೆ.

ಅಮ್ಮನ ಮುತ್ತುಗಳು, ಅಜ್ಜನ ಆಶೀರ್ವಾದ, ಪಾರಿವಾಳಗಳ ಕೃತಜ್ಞತೆ ನಿನ್ನ ಪಾದಕ್ಕೆ ಸೇರಲಿ. ಅಲೆಗಳು ನಿನ್ನನ್ನು ಮೆಲ್ಲಗೆ ತೂಗಲಿ.

ನಿನ್ನ ವಿಧೇಯ, ನಿಸ್ವಾರ್ಥಿ, ಹಿರಿಯರ ಸೇವೆಗೇ ಮುಡಿಪಾದ ಮಗ,
ವಾನ್ನೆಸ್

ತಾಜಾಕಲಂ: ಲಕೋಟೆ ಅಂಟಿಸುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ನಿನ್ನ ದೊಡ್ಡ ಚಕ್ರಗಳಲ್ಲಿ ಮೂರು ತುಂಬಾ ಚೆನ್ನಾಗಿವೆ. ನಾಲ್ಕನೆಯದನ್ನು ನಾನು ಬ್ರೆಡ್ ಅಂಗಡಿಯ ತಿರುವಿನಲ್ಲಿ ಕಾಲುದಾರಿಯ ಅಂಚುಕಲ್ಲಿಗೆ ಹೊಡೆದು ಸೀಳಿದೆ. ಅದಾದ ಮೇಲೆಯೇ ಕ್ರಿಸ್ತಾಳ ಹತ್ತಿರ ಹೋದದ್ದು. ಬಿರುಕು ಬಿಡದಿದ್ದರೆ ಇವತ್ತಿಗೂ ಹೋಗುತ್ತಿರಲಿಲ್ಲವೇನೋ. ಅಜ್ಜ ಜೊತೆಯಲ್ಲೇ ಇದ್ದ. ಇಳಿದು, ಸೊಂಟ ಹಿಡಿದುಕೊಂಡು ಆ ಬಿರುಕನ್ನು ಬಹಳ ಹೊತ್ತು ನೋಡಿ, ಹೇಳಿದ್ದು ಇಷ್ಟೇ: “ನಿಮ್ಮಪ್ಪಂಗೆ ಕಾಗದ ಬರೀತೀಯಲ್ಲ ಮಗಾ, ಪಾರಿವಾಳದಿಂದ ಶುರು ಮಾಡು.”