ಚಳ್ಳಕೆರೆಯಲ್ಲಿ ನಕ್ಕವನಿಗೆ

ಲೇ ಗೆಣೆಕಾರ ಓಬಳೇಶ,

ಹೋದವನನ್ನು ಕ್ಷೇಮವಾ ಅಂತ ಕೇಳುವುದು ಹೇಗೆ? ಅದಕ್ಕೇ ಕೇಳುವುದಿಲ್ಲ. ನಾನು ಚೆನ್ನಾಗಿದ್ದೀನಿ. ನಿನ್ನ ಲ್ಯಾಪ್‌ಟಾಪು ನನಗಿಂತ ಚೆನ್ನಾಗಿದೆ. ಆದರೆ ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು ಹತ್ತಿದೆ. ಸತ್ತವನನ್ನು ನೆನೆದು ಕರುಬುವವನು ಇಡೀ ಮೊಳಕಾಲ್ಮೂರಿನಲ್ಲಿ ನಾನೊಬ್ಬನೇ ಇರಬೇಕು. ನಗಬೇಡ. ನೀನು ನಗುವವನೇ ಅಲ್ಲ ಅಂತ ಅಂದುಕೊಂಡಿದ್ದೆ. ಕತೆ ಇರುವುದೇ ಅಲ್ಲಿ.

ಬೆಳಗ್ಗೆ ನಾನು ಮಗ್ಗಕ್ಕೆ ಕೂರುವ ಮುಂಚೆ ನಿನ್ನ ಪಡಸಾಲೆಗೆ ಬರುತ್ತಿದ್ದುದು ನೆನಪಿದೆಯಾ? ನೀನು ಲ್ಯಾಪ್‌ಟಾಪಿನ ಗುಂಡಿ ಒತ್ತುತ್ತಿದ್ದೆ. ಒಳಗೆ ಆ ಹಳೇ ಹಾರ್ಡ್ ಡಿಸ್ಕು ಗರ್ರೋ ಅಂತ ತಿರುಗಲು ಶುರು ಮಾಡುತ್ತಿತ್ತು. ಪರದೆ ತೆರೆದುಕೊಳ್ಳುವಷ್ಟರಲ್ಲಿ ಒಂದು ಟೀ ಕುಡಿದು ಮುಗಿಸಬಹುದಿತ್ತು. ಆ ಸಂದಿನಲ್ಲಿ ನೀನು ನನ್ನವನು. ಅದು ತೆರೆದುಕೊಂಡಿತೋ, ನಿನ್ನ ಕಣ್ಣು ಅದರಲ್ಲಿ ನೀನು ಬರೆಯುತ್ತಿದ್ದ ಸೀರೆ ಅಂಚಿನ ಚಿತ್ತಾರದ ಚೌಕಳಿಗಳ ಮೇಲೆ. ಆಮೇಲೆ ನಾನು ಅಲ್ಲೇ ಸತ್ತು ಬಿದ್ದರೂ ಮಧ್ಯಾಹ್ನದ ಊಟಕ್ಕೇ ನಿನಗೆ ಗೊತ್ತಾಗುತ್ತಿದ್ದದ್ದು. ಅದಕ್ಕೇ ನಾನು ಹೇಳುವ ಜೋಕುಗಳಿಗೆಲ್ಲ ಆ ಗರ್ರ್ ಸದ್ದಿನದೇ ಅಳತೆ. ಅದು ನಿಲ್ಲುವುದರೊಳಗೆ ನಿನ್ನನ್ನು ನಗಿಸಬೇಕು. ಅದೊಂದೇ ಹಠ ನನಗೆ.

ಬೀದಿಯವರೆಲ್ಲ ನನ್ನ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸಾವಿನ ಮನೆಗೆ ಹೋಗುವಾಗ ನನ್ನ ಹೆಂಡತಿ, "ಅಲ್ಲಿ ಬಾಯಿ ಮುಚ್ಕೊಂಡು ಕುಂತ್ಕ" ಅಂತ ಹೇಳಿಯೇ ಕಳಿಸುತ್ತಿದ್ದಳು. ನೀನು ಮಾತ್ರ ಪೂರ್ತಿ ಕೇಳಿಸಿಕೊಂಡು, ಮುಖ ಅಲ್ಲಾಡಿಸದೆ, "ಹ್ಞೂಂ. ಆಮೇಲೆ?" ಅನ್ನುತ್ತಿದ್ದೆ.

"ಆಮೇಲೆ ಏನ್ಲೇ, ಮುಗೀತು."

"ಮುಗೀತಾ?"

ಇಷ್ಟೇ. ಮೂರನೇ ಕ್ಲಾಸಿನಲ್ಲಿ ಒಂದೇ ಹಲಗೆ ಮೇಲೆ ಕೂತಾಗಿನಿಂದಲೂ ಇಷ್ಟೇ. ನಾನು ನಾಲ್ಕಕ್ಕೆ ಸ್ಕೂಲು ಬಿಟ್ಟೆ, ನೀನು ಕಂಪ್ಯೂಟರ್ ಕ್ಲಾಸಿನ ತನಕ ಓದಿದೆ. ಓದಿದವರಿಗೆ ನಗು ಕಮ್ಮಿ ಅಂತ ನಾನೇ ಸಮಾಧಾನ ಮಾಡಿಕೊಂಡಿದ್ದೆ.

ನೀನು ಎದೆ ಹಿಡಿದುಕೊಂಡು ಹೋದ ಮೇಲೆ ಆ ಲ್ಯಾಪ್‌ಟಾಪಿನ ಮುಂದೆ ನಿನ್ನ ಹೆಂಡತಿ, ನಮ್ಮ ವದಿನ, ಕೂತಳು. ನೀನು ಅರ್ಧಕ್ಕೆ ಬಿಟ್ಟ ನವಿಲಿನ ಸೆರಗನ್ನು ಯಾರನ್ನೂ ಕೇಳದೆ ಮುಂದುವರಿಸಿದಳು. ಇಷ್ಟು ವರ್ಷ ಪಕ್ಕದಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಾ ನೋಡಿದ್ದಾಳಲ್ಲ. ಆದರೆ ಡಿಸ್ಕು ಸದ್ದು ಬದಲಾಯಿಸಿತು. ಗರ್ರ್ ಹೋಗಿ ಟಕ್ ಟಕ್ ಅನ್ನತೊಡಗಿತು. ನವಿಲು ಕುತ್ತಿಗೆ ತನಕ ಬಂದು ನಿಂತುಬಿಡುತ್ತಿತ್ತು.

"ತಿಪ್ಪೇಶಪ್ಪ, ಇದು ಮೇಲುಸಿರು ಎಳೀತೈತೆ" ಅಂದಳು. "ಅವರು ಬರ್ದಿದ್ದೆಲ್ಲ ಇದ್ರಾಗೇ ಐತೆ. ಇದೂ ಹೋದ್ರೆ ಮಗ್ಗಕ್ಕೆ ನಾನೇನು ಕೊಡ್ಲಿ? ಚಳ್ಳಕೆರೆಗೆ ಹೋಗೋಣ ಬಾ. ಅಲ್ಲಿ ಯಾರೋ ಸಲೀಂ ಅಂತೆ, ಅವರು ರಿಪೇರಿಗೆ ಅವನತ್ರಾನೇ ಹೋಗ್ತಿದ್ರು."

ಚಳ್ಳಕೆರೆಗೆ ನೀನು ಒಬ್ಬನೇ ಹೋಗುತ್ತಿದ್ದುದು ನನಗೆ ಮೊದಲಿಂದಲೂ ಸರಿ ಬರುತ್ತಿರಲಿಲ್ಲ. ನಾನೂ ಬರ್ತೀನಿ ಅಂದರೆ, "ನೀನು ಬಂದು ಏನ್ಮಾಡ್ತೀಯಲೇ, ಅಲ್ಲಿ ಬರೀ ಕಾಯೋದೇ ಕೆಲಸ" ಅನ್ನುತ್ತಿದ್ದೆ. ಆ ಕಾಯುವ ಹೊತ್ತಿನಲ್ಲಿ ನೀನು ಏನು ಮಾಡುತ್ತಿದ್ದೆ ಅಂತ ನನಗೆ ಈಗ ಗೊತ್ತಾಗಿದೆ ಮಗನೇ.

ಸಲೀಮನ ಅಂಗಡಿ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿದೆ. ಲ್ಯಾಪ್‌ಟಾಪಿನ ಮೂಲೆಗೆ ನೀನು ಅಂಟಿಸಿದ್ದ ಗಿಳಿ ಸ್ಟಿಕ್ಕರ್ ನೋಡಿದ್ದೇ ಅವನ ಮುಖ ಅರಳಿತು. "ಓಬಳೇಶ್ ಭಾಯ್ ಎಲ್ಲಿ? ಗಾಡಿ ನಿಲ್ಲಿಸ್ತಾ ಇದಾರಾ?" ಅಂದ. ನಾನು ಲ್ಯಾಪ್‌ಟಾಪನ್ನು ಅವನ ಮೇಜಿನ ಮೇಲಿಟ್ಟೆ. ವದಿನಾನೇ ಹೇಳಿದಳು. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. ಆಮೇಲೆ ಎದ್ದು ಹೋಗಿ ನಮ್ಮಿಬ್ಬರಿಗೂ ಟೀ ತಂದ.

ಹೊಸ ಡಿಸ್ಕನ್ನು ನನ್ನ ಕೈಗೆ ಕೊಟ್ಟ. ಎಸ್ಸೆಸ್ಡಿ ಅನ್ನುತ್ತಾರಂತೆ. ಖಾಲಿ ನಶ್ಯದ ಡಬ್ಬಿ ಹಿಡಿದಂಗಿತ್ತು.

"ಇದ್ರಾಗೆ ತಿರುಗೋದು ಏನೂ ಇಲ್ಲ ಅಣ್ಣ. ಅದಕ್ಕೇ ಸದ್ದಿಲ್ಲ, ಕಾಯೋದೂ ಇಲ್ಲ. ಗುಂಡಿ ಒತ್ತಿದ್ರೆ ಓಪನ್."

ಕಾಯೋದೂ ಇಲ್ಲ ಅಂದರೆ? ಮತ್ತೆ ನನ್ನ ಜೋಕು ಎಲ್ಲಿ ಕೂರಬೇಕು? ಆ ನಶ್ಯದ ಡಬ್ಬಿ ಮೇಲೆ ಅಲ್ಲೇ ನನಗೆ ಹೊಟ್ಟೆ ಉರಿಯಿತು.

ಅವನು ಹಳೇದಕ್ಕೂ ಹೊಸದಕ್ಕೂ ವೈರು ಸೇರಿಸಿ, ಇದರಲ್ಲಿರುವುದು ಅದಕ್ಕೆ ಹೋಗಲಿ ಅಂತ ಬಿಟ್ಟ. ನನಗೆ ತಿಳಿದ ಹಾಗೆ ಒಂದು ಮಗ್ಗದ ಹಾಸುನೂಲು ಬಿಚ್ಚಿ ಇನ್ನೊಂದಕ್ಕೆ ಹಾಕಿದರೆ ಮೊದಲನೇದು ಖಾಲಿ. "ಹಂಗಾದ್ರೆ ಇದು ಬರಿದಾಗ್ತೈತಾ?" ಅಂತ ಕೇಳಿದೆ.

"ಇಲ್ಲ ಅಣ್ಣ. ಇದ್ರಾಗೂ ಇರ್ತೈತೆ, ಅದ್ರಾಗೂ ಇರ್ತೈತೆ."

"ಅಸಲು ಯಾವ್ದು ಮತ್ತೆ?"

"ಎರಡೂ ಅಸಲೇ."

ಪರದೆಯ ಮೇಲೆ ಒಂದು ಹಸಿರು ಪಟ್ಟಿ ತೆವಳುತ್ತಿತ್ತು. ಸಲೀಂ ಅದನ್ನೇ ನೋಡುತ್ತಾ ಒಬ್ಬನೇ ನಕ್ಕ. "ಏನ್ ನಗಿಸೋರು ಅಣ್ಣ. ಅವರು ಬಂದ್ರೆ ನನ್ನ ಕೆಲಸ ಬಂದ್."

"ಯಾರು?" ಅಂದೆ.

"ಓಬಳೇಶ್ ಭಾಯ್."

ನಾನು ವದಿನಾನ ನೋಡಿದೆ, ವದಿನ ನನ್ನ ನೋಡಿದಳು. ಬೇರೆ ಯಾವನೋ ಓಬಳೇಶ ಇರಬೇಕು ಅಂತ ಇಬ್ಬರಿಗೂ ಅನ್ನಿಸಿತು.

"ಒಂದು ಹೇಳ್ತೀನಿ ಕೇಳ್ರಿ" ಅಂತ ಸಲೀಂ ಶುರು ಮಾಡಿದ. "ಸಿದ್ದಾಪುರದ ಶಾಸನದ ಬಂಡೆ ನೋಡೋಕೆ ಸಿಟಿಯೋರು ಬಂದ್ರಂತೆ. ಮ್ಯಾಕೆ ಕಾಯೋ ಅಜ್ಜನ್ನ ಕೇಳಿದ್ರಂತೆ, ಇದ್ರ ಮ್ಯಾಲೆ ರಾಜ ಏನು ಬರ್ಸವ್ನೆ ಅಜ್ಜ ಅಂತ. ಅಜ್ಜ ಅಂದ್ನಂತೆ, ಇಲ್ಲಿ ಮ್ಯಾಕೆ ಬಿಡಬ್ಯಾಡ್ರಿ ಅಂತ ಬರ್ಸವ್ನೆ. ನಿಂಗ್ಯಾರು ಹೇಳಿದ್ರು? ವಾಚ್‌ಮನ್ ಹೇಳಿದ."

ಓಬಳೇಶ, ಅದು ನನ್ನ ಜೋಕು. ನಿನ್ನ ಪಡಸಾಲೆಯಲ್ಲಿ ಆ ಗರ್ರ್ ಸದ್ದಿನ ಅಳತೆಗೆ ಕತ್ತರಿಸಿ ಹೇಳಿದ್ದು. ನೀನು "ಆಮೇಲೆ?" ಅಂದದ್ದು. ನನ್ನದು ವಾಚ್‌ಮನ್‌ಗೇ ಮುಗಿಯುತ್ತದೆ. ಆದರೆ ಸಲೀಂ ಅಲ್ಲಿಗೆ ನಿಲ್ಲಿಸಲಿಲ್ಲ.

"ಆಮೇಲೆ ಅಜ್ಜ ತನ್ನ ಮ್ಯಾಕೆಗಳ್ನ ನೋಡಿ ಅಂದ್ನಂತೆ, ರಾಜ ಬರ್ಸಿ ಎಲ್ಡು ಸಾವ್ರ ವರ್ಸ ಆತು, ಒಂದಾದ್ರೂ ಓದೈತಾ ನೋಡು."

ಆ ಕೊನೇ ಮಾತು ನನ್ನದಲ್ಲ. ನಿನ್ನದು. ನನ್ನ ಜೋಕಿಗಿಂತ ಅದೇ ಚೆನ್ನಾಗಿದೆ. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ನಕ್ಕರು. ನಾನೂ ನಕ್ಕೆ, ನಗುತ್ತಾ ಹೊಟ್ಟೆಯಲ್ಲಿ ಬೆಂಕಿ. ಇಷ್ಟು ವರ್ಷ ನೀನು "ಆಮೇಲೆ?" ಅಂತ ಕೇಳಿದ್ದು ಇದಕ್ಕಾ? ಮುಗಿದಿಲ್ಲ ಅಂತ ನಿನಗೆ ಗೊತ್ತಿತ್ತಾ? ಗೊತ್ತಿದ್ದ ಮೇಲೆ ನನಗೊಂದು ಮಾತು...

"ಹೇಳೋಕೆ ಮುಂಚೆ ತಾವೇ ನಗೋರು" ಅಂದ ಸಲೀಂ. "ಕಣ್ಣಾಗೆ ನೀರು ಬರೋದು ಅವರಿಗೆ. ಮಾತು ಮುಂದಕ್ಕೇ ಹೋಗ್ತಿರ್ಲಿಲ್ಲ."

"ನಮ್ಮೋರಾ?" ಅಂದಳು ವದಿನ.

ಅದೊಂದೇ ಅಲ್ಲ, ಇನ್ನೂ ನಾಲ್ಕಾರು ಹೇಳಿದ. ನನ್ನ ಮಾವನ ಮೋಟಾರು, ಬಿ.ಜಿ. ಕೆರೆ ಸಂತೆಯ ಕೋಳಿ, ಎಲ್ಲ ನನ್ನವೇ. ಎಲ್ಲಕ್ಕೂ ನಿನ್ನ ಕೈಯಿಂದ ಒಂದೊಂದು ಸೆರಗು. ಇವೆಲ್ಲ ತಿಪ್ಪೇಶಪ್ಪಂದು ಅಂತ ವದಿನ ಹೇಳಲು ಹೊರಟಳು. ನಾನು ಬೇಡ ಅಂತ ಕಣ್ಣು ಮಾಡಿದೆ. ಯಾಕೆ ಅಂತ ಕೇಳಬೇಡ. ದೊಡ್ಡ ಮನಸ್ಸೇನಲ್ಲ. ಅವನು, "ಹಂಗಾದ್ರೆ ನೀವೇ ಒಂದು ಹೇಳಿ ಅಣ್ಣ" ಅಂದುಬಿಟ್ಟರೆ? ನಾನು ಹೇಳಿ, ಅವನು ನಗದೆ, ಓಬಳೇಶ್ ಭಾಯ್ ಹೇಳಿದಂಗಿಲ್ಲ ಅಂದುಬಿಟ್ಟರೆ?

ವಾಪಸ್ ಬಸ್ಸಿನಲ್ಲಿ ವದಿನ ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಹಳೇ ಡಿಸ್ಕು ನನ್ನ ಜೇಬಿನಲ್ಲಿತ್ತು. ನಾನೇ ಕೇಳಿ ಇಸಕೊಂಡೆ.

"ಅವರು ನನ್ನತ್ರ ದಾರ, ಬಣ್ಣ ಬಿಟ್ರೆ ಇನ್ನೊಂದು ಮಾತಾಡ್ತಿರ್ಲಿಲ್ಲ" ಅಂದಳು. "ಅಷ್ಟು ದೂರ ಹೋಗಿ ಆ ಸಾಯ್ಬರ ಹುಡುಗನ್ ಮುಂದೆ ನಗಬೇಕಿತ್ತಾ? ಅವನ್ನ ಕಂಡ್ರೆ ಹೊಟ್ಟೆ ಉರೀತೈತಪ್ಪ."

"ನಂಗೂ ವದಿನ."

ಕಿಟಕಿಯಿಂದ ಈ ಕಡೆ ತಿರುಗಿ, "ಆ ಮ್ಯಾಕೆದು ಇನ್ನೊಂದ್ಸಲ ಹೇಳಪ್ಪ" ಅಂದಳು. ಹೇಳಿದೆ. ನಿನ್ನ ಕೊನೇ ಮಾತು ಸೇರಿಸಿಯೇ ಹೇಳಿದೆ. ಅವಳ ಮುಖ ಅಲ್ಲಾಡಲಿಲ್ಲ. ಸರಿಯಾದ ಜೋಡಿ ಅಂದುಕೊಂಡೆ. ಬಸ್ಸು ಬಿ.ಜಿ. ಕೆರೆಯಲ್ಲಿ ನಿಂತು, ಜನ ಹತ್ತಿ ಇಳಿದು, ಮತ್ತೆ ಹೊರಟ ಮೇಲೆ ಇದ್ದಕ್ಕಿದ್ದಂತೆ ಸೆರಗು ಬಾಯಿಗಿಟ್ಟುಕೊಂಡು ನಗಲು ಶುರು ಮಾಡಿದಳು. ನಿಲ್ಲಲೇ ಇಲ್ಲ. ಕಂಡಕ್ಟರ್ ತಿರುಗಿ ನೋಡಿದ.

ಆವತ್ತು ನನಗೆ ಹೊಳೆಯಿತು. ನೀನೂ ಆ ಹಳೇ ಡಿಸ್ಕಿನಂಥವನೇ. ಒಳಗೆ ಹಾಕಿದ್ದು ಹೊರಗೆ ಬರಲು ಹೊತ್ತು ಬೇಕು. ಮೊಳಕಾಲ್ಮೂರಿನಲ್ಲಿ ನಾನು ಹೇಳಿದ್ದಕ್ಕೆ ನೀನು ಚಳ್ಳಕೆರೆಯಲ್ಲಿ ನಗುತ್ತಿದ್ದೆ. ನಾನು ಒಂದು ಬಸ್ಸು ತಪ್ಪಿಸಿಕೊಂಡೆ, ಅಷ್ಟೇ. ಹಂಗಂತ ಉರಿ ಆರಿದೆ ಅಂದುಕೊಳ್ಳಬೇಡ. ನೀನು ನಗುವಾಗ ಹೇಗೆ ಕಾಣುತ್ತಿದ್ದೆ ಅಂತ ನಾನು ಸಲೀಮನನ್ನು ಕೇಳಬೇಕಲ್ಲ.

ನಿನಗೆ ಗೊತ್ತಿಲ್ಲದ ಸುದ್ದಿ ಹೇಳುತ್ತೀನಿ. ನವಿಲಿನ ಸೆರಗು ಮುಗಿಯಿತು. ಚಿತ್ತಾರದ ತೂತಿನ ಕಾರ್ಡು ಹೊಡೆಸಿ ಮಗ್ಗಕ್ಕೆ ಹಾಕಿದ್ದಾಯಿತು. ಲ್ಯಾಪ್‌ಟಾಪು ಈಗ ನಾನು ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ತೆರೆದುಕೊಳ್ಳುತ್ತದೆ. ಅದಕ್ಕೆ ವದಿನ ಒಂದು ದಾರಿ ಮಾಡಿದ್ದಾಳೆ. ಬೆಳಗ್ಗೆ ನಾನು ಹೋದರೆ ಗುಂಡಿ ಒತ್ತದೆ ಕೂತಿರುತ್ತಾಳೆ. "ಮೊದ್ಲು ಹೇಳಪ್ಪ, ಆಮೇಲೆ ಹಾಕ್ತೀನಿ" ಅನ್ನುತ್ತಾಳೆ. ನಗು ಸಂಜೆಗೆ ಬರುತ್ತದೆ, ಗೋಡೆ ಆಚೆಯಿಂದ ನನ್ನ ಮಗ್ಗದ ತನಕ ಕೇಳಿಸುತ್ತದೆ.

ಇವತ್ತಿನದನ್ನು ಮಾತ್ರ ಅವಳಿಗೂ ಹೇಳಿಲ್ಲ. ನಿನಗೆ ಅಂತ ಇಟ್ಟಿದ್ದೀನಿ. ವಿಮಾನ ಪರೀಕ್ಷೆ ಮಾಡುವ ಉಳ್ಳಾರ್ತಿ ಕಾವಲಿನ ಹತ್ತಿರ ಒಬ್ಬ ಅಜ್ಜ ಕುರಿ ಮೇಯಿಸುತ್ತಿದ್ದನಂತೆ. ತಲೆ ಮೇಲೆ ಒಂದು ವಿಮಾನ ಹೋಯಿತಂತೆ. ಅಲ್ಲಿದ್ದ ಸಾಹೇಬರು, "ನೋಡಜ್ಜ, ಅದ್ರೊಳಗೆ ಯಾರೂ ಇಲ್ಲ, ಆದ್ರೂ ಸರಿಯಾಗಿ ಮನೆಗೆ ವಾಪಸ್ ಬರುತ್ತೆ" ಅಂದರಂತೆ. ಅಜ್ಜ ಮೇಲೆ ನೋಡಿದ. ತನ್ನ ಕುರಿ ನೋಡಿದ. ಸಾಹೇಬರ ಮುಖ ನೋಡಿದ.

ನನಗೆ ಇಲ್ಲಿಯ ತನಕ ಮಾತ್ರ ಬಂದಿದೆ. ಹ್ಞೂಂ, ಈಗ ನಾನು ಕೇಳುತ್ತೀನಿ, ನೀನು ಹೇಳು.

ಆಮೇಲೆ?

ತಿಪ್ಪೇಶ