ಕೂದಲೂ ತೂರದ ಮರ

ಅಂಗಡಿಯ ಹಿಂದಿನ ಕೋಣೆ
ಮಾರ್ಚ್ ೯, ಭಾನುವಾರ

ಪ್ರೀತಿಯ ಮೈದುನಾ,

ಹೇಗಿದ್ದೀಯ? ಕೆಮ್ಮು ಹೋಯಿತೋ, ಇಲ್ಲ ಆ ಪೈಪು ಕಾರ್ಖಾನೆಯ ಹೊಗೆ ಕುಡಿದುಕೊಂಡೇ ಇದ್ದೀಯೋ? ಹೊತ್ತಿಗೆ ಸರಿಯಾಗಿ ಉಣ್ಣು. ಉಂಡೆ ಅಂತ ಸುಳ್ಳು ಬರೆದರೆ ನನಗೆ ಗೊತ್ತಾಗುತ್ತದೆ; ಹಸಿದಾಗ ನಿನ್ನ ಅಕ್ಷರಗಳೂ ಒಂದರ ಮೇಲೊಂದು ಒರಗುತ್ತವೆ. ಇಲ್ಲಿ ನಾವೆಲ್ಲ ಗಟ್ಟಿಯಾಗಿದ್ದೇವೆ. ನಿಮ್ಮಣ್ಣನ ಹೊಟ್ಟೆ ಅವರಿಗಿಂತ ಮೊದಲು ಲೇತ್ ಯಂತ್ರವನ್ನು ಮುಟ್ಟುತ್ತದೆ. ಮಾವನ ಮಂಡಿನೋವು ಇದ್ದದ್ದೇ. ಎಣ್ಣೆ ತಿಕ್ಕೋಣ ಅಂದರೆ ನನ್ನನ್ನು ಬೈಯುತ್ತಾರೆ, ತಿಕ್ಕದಿದ್ದರೆ ಮಂಡಿಯನ್ನು ಬೈಯುತ್ತಾರೆ.

ಬಂದೂಕಿನ ನಳಿಗೆಯ ವಿಷಯ ಎತ್ತಬೇಡಿ ಅತ್ತಿಗೆ ಅಂತ ನೀನು ಬರೆದಿದ್ದೆ. ಎತ್ತುತ್ತೇನೆ. ಕೋಪ ಬಂದರೆ ಕಾಗದ ಹರಿದುಹಾಕು, ಆದರೆ ಓದಿ ಹರಿ.

ಶೂಟಿಂಗ್ ಕ್ಲಬ್ಬಿಗೆ ಮಾಡಿಕೊಟ್ಟ ಆ ಬಂದೂಕು, ಬಾಯಿಂದ ಮದ್ದು ತುಂಬುವ ಹಳೇ ಮಾದರಿಯದು, ನೀನು ಹೋದಾಗಿನಿಂದ ನಮ್ಮ ಅಂಗಡಿಯ ಗೋಡೆಗೇ ನೇತಾಡುತ್ತಿತ್ತು. ನಳಿಗೆ ನೀನು ಕೊರೆದದ್ದು, ಅದು ಕೂರುವ ಮರ ಮಾವ ಕೆತ್ತಿದ್ದು. ಪರೀಕ್ಷೆಯ ದಿನ ಮೊದಲ ಗುಂಡು ನಟ್ಟನಡುವೆ ಬಿದ್ದು, ಆಮೇಲಿನವು ಒಂದೊಂದಾಗಿ ಎಡಕ್ಕೆ, ಮೇಲಕ್ಕೆ ಮೆಟ್ಟಿಲು ಹತ್ತಿ ಹೋದವಲ್ಲ, ಆಗ ಕ್ಲಬ್ಬಿನ ಮೀಸೆ ಕಾರ್ಯದರ್ಶಿ ಗುರಿಹಲಗೆಯನ್ನು ಒಮ್ಮೆ ನೋಡಿ "ನಳಿಗೆ ಡೊಂಕು" ಅಂದುಬಿಟ್ಟ. ಅಷ್ಟು ಜನರ ಮುಂದೆ ಮಾವ "ಹುಡುಗನ ಕೈ ಇನ್ನೂ ಪಳಗಿಲ್ಲ" ಅಂದರು. ನಿನ್ನನ್ನು ಯಾರೂ ಕೇಳಲಿಲ್ಲ. ಕಬ್ಬಿಣಕ್ಕೆ ಬಾಯಿಲ್ಲ, ಸರಿ. ನಿನಗೆ ಬಾಯಿತ್ತು. ಚಿಕ್ಕವನು ಅಂತ ಮುಚ್ಚಿಸಿದರು. ಲೋಕದಲ್ಲೆಲ್ಲ ಇದೇ ನ್ಯಾಯ, ನಮ್ಮ ಅಂಗಡಿಯಲ್ಲೂ ಇದೇ ನ್ಯಾಯ: ಕೆಲಸ ಕೆಟ್ಟರೆ ಮೊದಲು ಕೆಳಗಿನವನ ಕಡೆಗೆ ಬೆರಳು. ಮಾವನ ಮರದ ಕಡೆ ಒಬ್ಬನೂ ಕಣ್ಣು ಹಾಯಿಸಲಿಲ್ಲ. ಹೇಗೆ ಹಾಯಿಸಿಯಾರು? "ನನ್ನ ಮರಕ್ಕೂ ನಳಿಗೆಗೂ ನಡುವೆ ಕೂದಲೂ ತೂರಲ್ಲ" ಅನ್ನುವುದು ಅವರ ಜೀವಮಾನದ ಹೆಮ್ಮೆ ತಾನೆ?

ಹೋದ ತಿಂಗಳು ಕಾರ್ಯದರ್ಶಿ ಬಂದು, ಆ ನಳಿಗೆಯನ್ನು ಗುಜರಿಗೆ ಹಾಕಿ, ಅದೇ ಮರಕ್ಕೆ ಬೇರೆ ನಳಿಗೆ ಕೂರಿಸಿಕೊಡಿ ಅಂದ. ಮಾವ ತಲೆ ಆಡಿಸಿದರು. ಬಿಚ್ಚುವ ಕೆಲಸ ನನ್ನ ಪಾಲಿಗೆ ಬಂತು. ನಳಿಗೆಯನ್ನು ಮರಕ್ಕೆ ಹಿಡಿದಿಡುವ ಅಡ್ಡಮೊಳೆಗಳು ಕಚ್ಚಿಕೊಂಡು ಕೂತಿದ್ದವು, ಬಡಿದು ಬಡಿದು ಹೊರತೆಗೆದೆ. ಕೊನೆಗೆ ಬುಡದ ತಿರುಪು ಸಡಿಲಿಸಿದೆ ನೋಡು, ನಳಿಗೆಯ ಮೂತಿ ಮರದಿಂದ ಟಕ್ಕನೆ ಮೇಲೆದ್ದಿತು! ಕಟ್ಟಿ ಹಾಕಿದ್ದನ್ನು ಬಿಚ್ಚಿದ ಹಾಗೆ. ಸುಮ್ಮನೆ ಮಲಗಿದ್ದ ಕಬ್ಬಿಣ ಹಾಗೆ ಏಳುವುದಿಲ್ಲ ಕಣೋ, ಅದುಮಿಟ್ಟದ್ದು ಏಳುತ್ತದೆ. ನಳಿಗೆಯ ಬುಡದ ಮುಚ್ಚಳ ತಿರುಗಿಸಿ ತೆಗೆದು, ಕಿಟಕಿಗೆ ಹಿಡಿದು ಒಳಗೆ ನೋಡಿದೆ. ಚೌಕಟ್ಟಿನ ನೆರಳು ಈ ತುದಿಯಿಂದ ಆ ತುದಿಗೆ ದಾರ ಎಳೆದಷ್ಟು ನೆಟ್ಟಗಿತ್ತು. ಎಲ್ಲಿಯ ಡೊಂಕು? ಡೊಂಕು ನಳಿಗೆ ತಣ್ಣಗಿದ್ದಾಗಲೇ ತಪ್ಪುತ್ತದೆ, ಪ್ರತಿ ಸಲವೂ ಅದೇ ತಪ್ಪು ಮಾಡುತ್ತದೆ. ನಿನ್ನದು ಬಿಸಿಯಾದ ಮೇಲೆ ಮಾತ್ರ ದಾರಿ ಬಿಟ್ಟಿತ್ತು. ಬಿಸಿಯಾದ ಕಬ್ಬಿಣ ಹಿಗ್ಗಬೇಕು. ಹಿಗ್ಗಲು ಮಾವ ಕೂದಲಿನಷ್ಟೂ ಜಾಗ ಬಿಟ್ಟಿರಲಿಲ್ಲ. ಅತ್ತ ಮರ ಒತ್ತಿತು, ಇತ್ತ ಮೊಳೆ ಹಿಡಿಯಿತು, ಪಾಪ, ಅದು ಬಾಗದೆ ಏನು ಮಾಡೀತು?

ನಾನು ಕದ್ದುಮುಚ್ಚಿ ಏನೂ ಮಾಡಲಿಲ್ಲ. ಮಾವನ ಎದುರಿನ ಬೆಂಚಿನಲ್ಲೇ ಕೂತು ನಳಿಗೆಯ ಹೊಟ್ಟೆಗೆ ದೀಪದ ಮಸಿ ಬಳಿದು ಮರದ ತೋಡಿನಲ್ಲಿ ಕೂರಿಸಿ ಎತ್ತಿದೆ. ಎಲ್ಲೆಲ್ಲಿ ಒತ್ತುತ್ತಿತ್ತೋ ಅಲ್ಲಲ್ಲಿ ಕಪ್ಪು ಕಲೆ. ಅವರು ನೋಡಿದರು. ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ಕೆರೆಯುವ ಸದ್ದು ಶುರುವಾದ ಮೇಲೆ, ತಿರುಗದೆಯೇ, "ಎಳೆ ನೋಡ್ಕೊಂಡು ಕೆರಿಯಮ್ಮಾ, ಅಡ್ಡಡ್ಡ ಎಳೀಬೇಡ" ಅಂದರು. ಅಷ್ಟೇ. ಮೂತಿಯ ಕಡೆಯಿಂದ ಕಾಗದದ ಪಟ್ಟಿ ತೂರಿಸಿದರೆ ಎಲ್ಲೂ ತಡೆಯದೆ ಬುಡದ ತನಕ ಓಡುವಷ್ಟು ತೋಡನ್ನು ಬಿಡಿಸಿದೆ. ಬುಡಕ್ಕೆ ಮಾತ್ರ ಎರಡು ಟ್ಯೂಬು ಕಲಸುವ ಗಟ್ಟಿ ಅಂಟು ಹಾಕಿ, ಕಬ್ಬಿಣಕ್ಕೆ ಮೇಣ ಸವರಿ, ಒತ್ತಡವಿಲ್ಲದೆ ಒಂದೇ ಸಮ ಕೂರುವ ಹಾಗೆ ಅಚ್ಚು ಮಾಡಿದೆ. "ಮೇಣ ಎಲ್ಲಾದ್ರೂ ಬಿಟ್ಯೋ, ಎರಡಕ್ಕೂ ಮದುವೆ ಆದ ಹಾಗೇನೇ, ನಮ್ಮ ಥರ ಸಾಯೋ ತನಕ" ಅಂದರು ನಿಮ್ಮಣ್ಣ. ಅವರ ಹೊಟ್ಟೆಗೂ ಒಂದು ಗೆರೆ ಮಸಿ ಎಳೆದೆ. ಮೊಳೆ ಹಾಯುವ ಕಬ್ಬಿಣದ ತೂತುಗಳನ್ನು ಅರ ಹಾಕಿ ಉದ್ದ ಮಾಡಿಕೊಟ್ಟವರೂ ಅವರೇ. ಈಗ ನಳಿಗೆ ಬಿಸಿಯಾದರೆ ಮುಂದಕ್ಕೆ ಜಾರಬಹುದು, ಬಾಗಬೇಕಿಲ್ಲ.

ನಿನ್ನೆ ಕ್ಲಬ್ಬಿಗೆ ಒಯ್ದೆವು. ಮರಳಿನ ಚೀಲದ ಮೇಲಿಟ್ಟು ಕಾರ್ಯದರ್ಶಿಯೇ ಹೊಡೆದ. ಮೊದಲ ಗುಂಡು ನಡುವೆ. ಆರಲು ಬಿಡಬೇಡಿ, ಹೊಡೆಯುತ್ತಲೇ ಇರಿ ಅಂದೆ. ಮುಟ್ಟಿದರೆ ಕೈ ಸುಡುವ ತನಕ ಹೊಡೆದ. ತೂತಿನ ಮೇಲೆ ತೂತು, ಎಲ್ಲ ಸೇರಿ ಹಲಗೆಯಲ್ಲಿ ಒಂದೇ ಹರಕು ಬಾಯಿ. ಮೀಸೆ ಅರಳಿತು. "ಹೊಸ ನಳಿಗೆ ಅಂದ್ರೆ ಹೀಗಿರಬೇಕು ನೋಡಿ ಯಜಮಾನ್ರೇ!" ಅಂದ. ಅದು ಹೊಸದಲ್ಲ ಸ್ವಾಮಿ, ನೀವು ಗುಜರಿಗೆ ಹಾಕಿ ಅಂದಿರಲ್ಲ, ಅದೇ, ನನ್ನ ಮೈದುನ ಕೊರೆದದ್ದು, ನಾವು ಕೆರೆದದ್ದು ಮರವನ್ನು ಅಂದೆ. ಎಲ್ಲರೂ ಮಾವನ ಮುಖ ನೋಡಿದರು. ಒಂದು ಮಾತು ಸಾಕಿತ್ತು. ಅವರು ಬಂದೂಕಿಗೆ ಬಟ್ಟೆ ಸುತ್ತಿ "ಹೊತ್ತಾಯ್ತು, ನಡೀರಿ" ಅಂದರು.

ನನಗೆ ಉರಿದುಹೋಯಿತು. ಮನೆಗೆ ಬಂದು ಹೇಳಿಯೇಬಿಟ್ಟೆ. ಅವನ ಮೇಲೆ ತಪ್ಪು ಹೊರಿಸುವಾಗ ಊರಿಗೆಲ್ಲ ಕೇಳುವ ಹಾಗೆ ಆಡಿದಿರಿ, ಇಳಿಸುವಾಗ ಗಂಟಲು ಕಟ್ಟಿತೇ ಮಾವ ಅಂದೆ. ನಿಮ್ಮಣ್ಣ ಸುಮ್ಮನಿರೇ ಅಂದರು. ಸುಮ್ಮನಿದ್ದೂ ಇದ್ದೂ ತಾನೆ ಮನೆಯ ಮಗನನ್ನು ಪೈಪು ಕಾರ್ಖಾನೆಗೆ ಕಳಿಸಿದ್ದು? ಮಾವ ತಟ್ಟೆ ಪಕ್ಕಕ್ಕಿಟ್ಟು ಎದ್ದು ಹೋದರು. ಅವರು ಉಣ್ಣಲಿಲ್ಲ ಅಂತ ನನಗೆ ಬೇಸರವಾಗಿದೆ. ಕೇಳಿದ್ದಕ್ಕೆ ಬೇಸರವಿಲ್ಲ.

ನೀನು ವಾಪಸು ಬಾ ಅಂತ ನಾನು ಕರೆಯುವುದಿಲ್ಲ. ಬರುವುದು ಬಿಡುವುದು ನಿನ್ನ ಇಷ್ಟ. ಆದರೆ ನಿನ್ನ ಕೈ ಡೊಂಕಿರಲಿಲ್ಲ. ಅದು ನಿನಗೆ ಗೊತ್ತಾಗದೆ ಇನ್ನೊಂದು ವಾರವೂ ಹೋಗಬಾರದು ಅಂತ ಬರೆದೆ. ಮೈ ಕಡೆ ನೋಡಿಕೋ. ನಿಮ್ಮಣ್ಣ ನಿನಗೆ ಪ್ರೀತಿ ಹೇಳಿದ್ದಾರೆ, ಜೊತೆಗೆ ಒಂದು ಬೈಗುಳವನ್ನೂ ಹೇಳಿದ್ದಾರೆ. ಅದನ್ನು ನಾನು ಬರೆಯಲಾರೆ. ಸುಖವಾಗಿರು.

ನಿನ್ನ
ಅತ್ತಿಗೆ

ಮರೆಯುವ ಮುನ್ನ: ಕಾಗದ ಮಡಚುತ್ತಿದ್ದೆ, ಮಾವ ಬಾಗಿಲಿಗೆ ಬಂದು ನಿಂತರು. ನೀನಿರುವ ಊರಿಗೆ ಯಾವ ಬಸ್ಸು ಅಂತ ಕೇಳಿದರು. "ನೀನು ಬರೀಬೇಡ, ನಾನೇ ಹೋಗಿ ಹೇಳ್ತೀನಿ" ಅಂದರು. ಬರೆದಾಗಿದೆ ಅಂತ ನಾನು ಹೇಳಲಿಲ್ಲ. ಮುಂದಿನ ಭಾನುವಾರ ಬರುತ್ತಾರೆ, ಅಂದು ಎಲ್ಲೂ ಹೋಗಬೇಡ. ಬಂದವರನ್ನು ಮೊದಲು ಕೂರಿಸು, ಆ ಮಂಡಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮಾತು ಶುರು ಮಾಡಿ ಅವರು ತಡವರಿಸುತ್ತಾರೆ. ನಿನ್ನ ಸ್ವಭಾವ ನನಗೆ ಗೊತ್ತು, "ಹೋಗ್ಲಿ ಬಿಡಪ್ಪಾ" ಅಂತ ನಡುವೆ ಬಾಯಿ ಹಾಕುತ್ತೀಯ. ಹಾಕಬೇಡ. ಪೂರ್ತಿ ಹೇಳಲಿ.